ಕಾರವಾರದ ಕಡಲಿಗೂ ಶಿರಸಿಯ ಇರುಳಿಗೂ ಲೆನ್ಸ್ ಆರಿಸುವ ಬಗೆ

ಹಗಲಿನ ನಿಸರ್ಗ ಚಿತ್ರ ಕೇಳುವ ಲೆನ್ಸ್ ಬೇರೆ, ಆಕಾಶಗಂಗೆ ಕೇಳುವ ಲೆನ್ಸ್ ಬೇರೆ. ಎರಡನ್ನೂ ಒಂದರಲ್ಲೇ ಮುಗಿಸಲು ಹೊರಟವರು ಸಾಮಾನ್ಯವಾಗಿ ಎಫ್/4ರ ದುಬಾರಿ ಅಗಲ ಝೂಮ್ ಕೊಳ್ಳುತ್ತಾರೆ (ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ರಂಧ್ರ ದೊಡ್ಡದು). ಹಗಲಿಗೆ ಅದು ಬೇಕಾದ್ದಕ್ಕಿಂತ ಹೆಚ್ಚು, ರಾತ್ರಿಗೆ ಸಾಲದು. ರಂಧ್ರವನ್ನು ಎಫ್/8ಕ್ಕೆ ಮುಚ್ಚಿದರೆ ಕ್ಯಾಮೆರಾ ಜೊತೆ ಬಂದ 18–55 ಕಿಟ್ ಲೆನ್ಸ್ (ಈ ಅಂಕಿ ಮಿ.ಮೀ.ನಲ್ಲಿ ಫೋಕಲ್ ಉದ್ದ, ಕಡಿಮೆಯಾದಷ್ಟೂ ನೋಟ ಅಗಲ) ಕೂಡ ಹಗಲಿನ ಕೆಲಸ ಅಚ್ಚುಕಟ್ಟಾಗಿ ಮಾಡುತ್ತದೆ. ಹಾಗಾಗಿ ಹಣ ಮೊದಲು ರಾತ್ರಿಯ ಲೆನ್ಸ್‌ಗೆ ಹೋಗಲಿ. ಉಳಿದದ್ದು ಆ ಲೆನ್ಸನ್ನು ನಮ್ಮ ಮಳೆಗಾಲದಿಂದ ಕಾಯುವುದಕ್ಕೆ.

ಮೊದಲು ಆಕಾಶದ ಲೆಕ್ಕ

ಎಷ್ಟು ಅಗಲದ ಲೆನ್ಸ್ ಬೇಕೆಂಬುದನ್ನು ಹೇಳುವುದು ಅಂಗಡಿಯಲ್ಲ, ನೀವು ನಿಂತ ಜಾಗದ ಅಕ್ಷಾಂಶ. ಕಾರವಾರ ಸುಮಾರು 14.8 ಡಿಗ್ರಿ ಉತ್ತರದಲ್ಲಿದೆ, ಶಿರಸಿ 14.6ರಲ್ಲಿ. ಆಕಾಶಗಂಗೆಯ ಉಜ್ವಲ ನಡುಭಾಗ, ಅಂದರೆ ಧನು ಮತ್ತು ವೃಶ್ಚಿಕದ ನಡುವೆ, ಮೂಲಾ ನಕ್ಷತ್ರದ ಹತ್ತಿರದ ಪ್ರದೇಶ, ಖಗೋಳ ಮಧ್ಯರೇಖೆಗೆ 29 ಡಿಗ್ರಿ ದಕ್ಷಿಣದಲ್ಲಿದೆ. 90ರಿಂದ ಎರಡನ್ನೂ ಕಳೆದರೆ ನಮ್ಮಲ್ಲಿ ಅದು ಏರುವ ಗರಿಷ್ಠ ಎತ್ತರ ಸಿಗುತ್ತದೆ: ಸುಮಾರು 46 ಡಿಗ್ರಿ, ನೇರ ದಕ್ಷಿಣಕ್ಕೆ.

ಈಗ ಚೌಕಟ್ಟು ಹಾಕಿ ನೋಡಿ. ಕ್ಯಾಮೆರಾ ಉದ್ದುದ್ದ (ಉದ್ದ ಬದಿ ಮೇಲೆ-ಕೆಳಗೆ ಬರುವಂತೆ) ಹಿಡಿದು, ಕೆಳಗೆ ಬಂಡೆ ಅಥವಾ ದೋಣಿಗೆ 15 ಡಿಗ್ರಿ, ದಿಗಂತದಿಂದ ನಡುಭಾಗದವರೆಗೆ 46, ಅದರ ಮೇಲೆ ಉಸಿರಾಡಲು ಇನ್ನು 15. ಒಟ್ಟು 76 ಡಿಗ್ರಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ., ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 16 ಮಿ.ಮೀ. ಲೆನ್ಸ್ ಉದ್ದ ಬದಿಯಲ್ಲಿ ಸುಮಾರು 73 ಡಿಗ್ರಿ ಕೊಡುತ್ತದೆ, ಕಷ್ಟಪಟ್ಟು ಸಾಕು. 20 ಮಿ.ಮೀ. ಅಥವಾ ಎಪಿಎಸ್-ಸಿಯಲ್ಲಿ 13 ಮಿ.ಮೀ. ಆದರೆ 84 ಡಿಗ್ರಿ, ಆರಾಮ. ಫುಲ್ ಫ್ರೇಮ್‌ನಲ್ಲಿ 14 ಮಿ.ಮೀ. 104 ಡಿಗ್ರಿ ಕೊಡುತ್ತದೆ. ಅಷ್ಟು ಅಗಲದಲ್ಲಿ ಆಕಾಶಗಂಗೆ ಚಿತ್ರದ ನಡುವೆ ಸಣ್ಣ ಪಟ್ಟಿಯಾಗಿ ಉಳಿಯುತ್ತದೆ. "ಎಷ್ಟು ಅಗಲವೋ ಅಷ್ಟು ಒಳ್ಳೆಯದು" ಎಂಬ ಸಲಹೆ ನಮ್ಮ ಅಕ್ಷಾಂಶಕ್ಕೆ ಹೊಂದುವುದಿಲ್ಲ.

ತಿಂಗಳು ಬದಲಾದಂತೆ ಲೆಕ್ಕವೂ ಬದಲಾಗುತ್ತದೆ. ಫೆಬ್ರವರಿ ಕೊನೆಗೆ ಬೆಳಗಿನ ಜಾವ 5:30ಕ್ಕೆ ನಡುಭಾಗ ಆಗ್ನೇಯದಲ್ಲಿ, ಅಂದರೆ ಕರಾವಳಿಯಿಂದ ನೋಡಿದರೆ ಘಟ್ಟದ ಮೇಲೆ, ಸುಮಾರು 33 ಡಿಗ್ರಿ ಎತ್ತರದಲ್ಲಿರುತ್ತದೆ. ಮೇ ಮಧ್ಯದಲ್ಲಿ ರಾತ್ರಿ 2:45ರ ಹೊತ್ತಿಗೆ ನೇರ ದಕ್ಷಿಣಕ್ಕೆ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಆ ಮಾತು ಬೇಡ. ಮಳೆ ಬಿಟ್ಟ ಮೇಲೆ ಅಕ್ಟೋಬರ್ ಮಧ್ಯದಲ್ಲಿ ಸಂಜೆ 7:30ಕ್ಕೆ ಅದು ನೈಋತ್ಯದಲ್ಲಿ 30 ಡಿಗ್ರಿ ಎತ್ತರದಲ್ಲಿ ಕಡಲಿನತ್ತ ವಾಲಿರುತ್ತದೆ. ಕಡಲಿನ ಮೇಲೆಯೇ ಆಕಾಶಗಂಗೆ ಬೇಕಾದವರಿಗೆ ವರ್ಷದ ಅತ್ಯುತ್ತಮ ದಿನಗಳು ಇವು, ಆಗ 24 ಮಿ.ಮೀ. ಸಲೀಸಾಗಿ ಸಾಕು. ನವೆಂಬರ್ ಮಧ್ಯಕ್ಕೆ ಕತ್ತಲಾಗುವಷ್ಟರಲ್ಲಿ 11 ಡಿಗ್ರಿಗೆ ಇಳಿದಿರುತ್ತದೆ, ಕಡಲ ಮೇಲಿನ ತೇವದ ಮಬ್ಬು ಅದನ್ನು ನುಂಗಿಬಿಡುತ್ತದೆ.

ಅಮಾವಾಸ್ಯೆಗಾಗಿಯೇ ಕಾಯಬೇಕೆಂದಿಲ್ಲ. ಬೇಸಿಗೆಯ ಬೆಳಗಿನ ಜಾವದ ಚಿತ್ರಕ್ಕೆ ಶುಕ್ಲ ಅಷ್ಟಮಿಯವರೆಗೂ ಅವಕಾಶವಿದೆ, ಏಕೆಂದರೆ ಅಂದು ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ. ಅಕ್ಟೋಬರ್‌ನ ಸಂಜೆಗೆ ಕೃಷ್ಣ ಪಕ್ಷ ಹಿಡಿಯಿರಿ: ಪಂಚಮಿಯಿಂದಾಚೆ ಚಂದ್ರ ಹುಟ್ಟುವಾಗ ರಾತ್ರಿ ಹತ್ತರ ಆಸುಪಾಸು, ಅಷ್ಟರಲ್ಲಿ ನಿಮ್ಮ ಕೆಲಸ ಮುಗಿದಿರುತ್ತದೆ. ಗೋಡೆಯ ಪಂಚಾಂಗವೇ ಸಾಕು.

ಬೆಳಕು ಒಳಬರುವ ಬಾಗಿಲು

ನಕ್ಷತ್ರ ಒಂದು ಬಿಂದು. ಅದರ ಬೆಳಕು ಎಷ್ಟು ಒಳಬರುತ್ತದೆ ಎಂಬುದನ್ನು ನಿರ್ಧರಿಸುವುದು ಎಫ್ ಸಂಖ್ಯೆಗಿಂತ ಹೆಚ್ಚಾಗಿ ಲೆನ್ಸಿನ ರಂಧ್ರದ ನಿಜವಾದ ವ್ಯಾಸ. ಫೋಕಲ್ ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಿ. 18 ಮಿ.ಮೀ. ಎಫ್/3.5 ಕಿಟ್ ಲೆನ್ಸ್: 5.1 ಮಿ.ಮೀ. 14 ಮಿ.ಮೀ. ಎಫ್/2.8: 5 ಮಿ.ಮೀ. 12 ಮಿ.ಮೀ. ಎಫ್/2: 6 ಮಿ.ಮೀ. 20 ಮಿ.ಮೀ. ಎಫ್/1.8: 11.1. 16 ಮಿ.ಮೀ. ಎಫ್/1.4: 11.4. 24 ಮಿ.ಮೀ. ಎಫ್/1.4: 17.1. ಅಂದರೆ 16ರ ಎಫ್/1.4 ಲೆನ್ಸ್ ಒಂದು ಸೆಕೆಂಡಿನಲ್ಲಿ ಪ್ರತಿ ನಕ್ಷತ್ರದಿಂದ ಕಿಟ್ ಲೆನ್ಸಿಗಿಂತ ಐದು ಪಟ್ಟು ಬೆಳಕು ಹಿಡಿಯುತ್ತದೆ. 14ರ ಎಫ್/2.8 ಲೆನ್ಸಿನ ರಂಧ್ರ ಕಿಟ್ ಲೆನ್ಸಿನದಕ್ಕಿಂತ ದೊಡ್ಡದೇನಲ್ಲ. ಅದರ ಲಾಭ ಇರುವುದು ಅಗಲದಲ್ಲಿ, ಮತ್ತು ಹೆಚ್ಚು ಹೊತ್ತು ಶಟರ್ ತೆರೆದಿಡುವ ಅವಕಾಶದಲ್ಲಿ.

ಎಷ್ಟು ಹೊತ್ತು? 500ನ್ನು ಫೋಕಲ್ ಉದ್ದದಿಂದ ಭಾಗಿಸುವ ಹಳೆಯ ನಿಯಮ 24 ಮೆಗಾಪಿಕ್ಸೆಲ್ ಕ್ಯಾಮೆರಾಗಳಿಗೆ ತೀರ ಸಡಿಲ, ನಕ್ಷತ್ರಗಳು ಗೆರೆಯಾಗುತ್ತವೆ. ಎನ್‌ಪಿಎಫ್ ನಿಯಮದ ಸರಳ ರೂಪ ಬಳಸಿ: ಎಫ್ ಸಂಖ್ಯೆಯನ್ನು 35ರಿಂದ ಗುಣಿಸಿ, ಪಿಕ್ಸೆಲ್ ಗಾತ್ರವನ್ನು (ಮೈಕ್ರಾನ್‌ಗಳಲ್ಲಿ) 30ರಿಂದ ಗುಣಿಸಿ, ಎರಡನ್ನೂ ಕೂಡಿಸಿ ಫೋಕಲ್ ಉದ್ದದಿಂದ ಭಾಗಿಸಿ. ಬರುವುದು ಸೆಕೆಂಡು. 24 ಮೆಗಾಪಿಕ್ಸೆಲ್ ಎಪಿಎಸ್-ಸಿಯಲ್ಲಿ ಪಿಕ್ಸೆಲ್ ಸುಮಾರು 3.9 ಮೈಕ್ರಾನ್, ಅಷ್ಟೇ ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್‌ನಲ್ಲಿ ಸುಮಾರು 6. ಕಿಟ್ ಲೆನ್ಸಿಗೆ 18ರಲ್ಲಿ 13 ಸೆಕೆಂಡು ಸಿಗುತ್ತದೆ, 12ರ ಎಫ್/2ಕ್ಕೆ 15, 16ರ ಎಫ್/1.4ಕ್ಕೆ 10, ಫುಲ್ ಫ್ರೇಮ್‌ನಲ್ಲಿ 14ರ ಎಫ್/2.8ಕ್ಕೆ 20. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ರಿಂದ ಶುರುಮಾಡಿ 6400ರವರೆಗೆ ಹೋಗಿ, ರಾ (ಸಂಸ್ಕರಿಸದ) ಕಡತದಲ್ಲೇ ತೆಗೆಯಿರಿ. ಹೊಸ ಲೆನ್ಸ್ ಕೊಳ್ಳುವ ಮೊದಲು ಕಿಟ್ ಲೆನ್ಸಿನಲ್ಲೇ 13 ಸೆಕೆಂಡಿನ 16 ಚಿತ್ರ ಸಾಲಾಗಿ ತೆಗೆದು ಸೀಕ್ವೇಟರ್ ಎಂಬ ಉಚಿತ ತಂತ್ರಾಂಶದಲ್ಲಿ ಒಟ್ಟುಗೂಡಿಸಿ ನೋಡಿ. ನಾಯ್ಸ್, ಅಂದರೆ ಚಿತ್ರದ ಮರಳುಮರಳು ಕಲೆ, ಕಾಲು ಭಾಗಕ್ಕೆ ಇಳಿಯುತ್ತದೆ.

ಯಾವುದನ್ನು ಕೊಳ್ಳುವುದು

ಸೋನಿ ಇ, ಫ್ಯೂಜಿ ಎಕ್ಸ್ ಅಥವಾ ನಿಕಾನ್ ಝಡ್ ಮೌಂಟಿನ (ಲೆನ್ಸ್ ಕೂರುವ ಬಾಯಿಯ) ಎಪಿಎಸ್-ಸಿ ಕ್ಯಾಮೆರಾ ಇದ್ದರೆ ಸಿಗ್ಮಾ 16 ಎಫ್/1.4, ಇಲ್ಲವೇ ವಿಲ್‌ಟ್ರಾಕ್ಸ್ 13 ಎಫ್/1.4. ಮೇಲಿನ 76 ಡಿಗ್ರಿಯ ಲೆಕ್ಕ ನೋಡಿದರೆ ಉತ್ತರ ಕನ್ನಡದ ಬೇಸಿಗೆಗೆ 13 ಹೆಚ್ಚು ಹೊಂದುತ್ತದೆ. ಕಡಿಮೆ ಖರ್ಚಿನಲ್ಲಿ ಕೈಯಿಂದ ಫೋಕಸ್ ಮಾಡುವ ಸಮ್ಯಾಂಗ್ 12 ಎಫ್/2 ಕೂಡ ಒಳ್ಳೆಯದೇ, ರಾತ್ರಿ ಆಟೋಫೋಕಸ್ ಹೇಗೂ ಬೇಡ. ಹಳೆಯ ಕ್ಯಾನನ್ ಅಥವಾ ನಿಕಾನ್ ಡಿಎಸ್‌ಎಲ್‌ಆರ್ ಇರುವವರು ಟೋಕಿನಾ 11–16 ಅಥವಾ 11–20 ಎಫ್/2.8 ಹುಡುಕಲಿ. ಫುಲ್ ಫ್ರೇಮ್‌ಗೆ 20 ಮಿ.ಮೀ. ಎಫ್/1.8 ನಮ್ಮ ಮೊದಲ ಆಯ್ಕೆ. ಸೋನಿ ಮತ್ತು ನಿಕಾನ್ ಎರಡೂ ಮಾಡುತ್ತವೆ.

ಅಗ್ಗವೆಂದು ಜನ ಕೊಳ್ಳುವ ಸಮ್ಯಾಂಗ್ 14 ಎಫ್/2.8 ಬಗ್ಗೆ ಒಂದು ಎಚ್ಚರಿಕೆ. ಅದರ ವಕ್ರತೆ ಮೀಸೆಯಾಕಾರದ್ದು. ಗುಡ್ಡದ ಚಿತ್ರದಲ್ಲಿ ಯಾರಿಗೂ ಕಾಣದು, ಕಡಲ ದಿಗಂತ ಮಾತ್ರ ಅಲೆಅಲೆಯಾಗಿ ಬರುತ್ತದೆ. ಲೈಟ್‌ರೂಮ್ ತಂತ್ರಾಂಶದಲ್ಲಿ ವಕ್ರತೆ ತಿದ್ದುವ ಲೆನ್ಸ್ ಪ್ರೊಫೈಲ್ ಹಾಕದೆ ಅದು ಸರಿಹೋಗದು. ಮುಂಗಾಜು ಉಬ್ಬಿರುವುದರಿಂದ ತಿರುಗಿಸಿ ಹಾಕುವ ಫಿಲ್ಟರ್ ಕೂಡ ಕೂರುವುದಿಲ್ಲ.

ಕೊಂಡ ವಾರದೊಳಗೆ, ವಾಪಸು ಕೊಡುವ ಅವಧಿ ಮುಗಿಯುವ ಮುನ್ನ, ನಕ್ಷತ್ರಗಳ ಮೇಲೇ ಪರೀಕ್ಷಿಸಿ. ರಂಧ್ರ ಪೂರ್ತಿ ತೆರೆದು ಒಂದು ಚಿತ್ರ, ಒಂದು ಸ್ಟಾಪ್ (ಬೆಳಕು ಅರ್ಧವಾಗುವಷ್ಟು) ಮುಚ್ಚಿ ಇನ್ನೊಂದು. ನೂರು ಶೇಕಡಾ ಹಿಗ್ಗಿಸಿ ನಾಲ್ಕೂ ಮೂಲೆ ನೋಡಿ. ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಂಡರೆ ಅದು ಕೋಮಾ, ವಿನ್ಯಾಸದ ಮಿತಿ, ಮುಚ್ಚಿದಾಗ ಕಡಿಮೆಯಾಗುತ್ತದೆ. ಒಂದೇ ಬದಿಯ ಮೂಲೆಗಳು ಮಸುಕಾಗಿ ಉಳಿದವು ಚೊಕ್ಕಟವಾಗಿದ್ದರೆ ಒಳಗಿನ ಗಾಜು ಓರೆಯಾಗಿ ಕೂತಿದೆ. ಎಷ್ಟು ಮುಚ್ಚಿದರೂ ಅದು ಪೂರ್ತಿ ಹೋಗದು, ವಾಪಸು ಕಳಿಸಿ.

ಫೋಕಸ್ ವಿಷಯದಲ್ಲಿ ಅನಂತದ ಗುರುತನ್ನು ನಂಬಬೇಡಿ. ಲುಬ್ಧಕ, ಸ್ವಾತಿ ಅಥವಾ ಗುರುಗ್ರಹವನ್ನು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚುಕ್ಕೆ ಅತಿ ಸಣ್ಣದಾಗುವವರೆಗೆ ಉಂಗುರ ತಿರುಗಿಸಿ, ಟೇಪ್ ಅಂಟಿಸಿ. ಬೆಳಗಿನ ಜಾವ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ, ಸರಿದಿರುತ್ತದೆ.

ಹಗಲಿಗೆ

ಕಡಲ ತೀರಕ್ಕೆ ಅಗಲ ಲೆನ್ಸ್ ಬೇಕೆಂಬುದು ಅರ್ಧ ಸತ್ಯ. ಚಿತ್ರದಲ್ಲಿ ಸೂರ್ಯಬಿಂಬದ ವ್ಯಾಸ ಫೋಕಲ್ ಉದ್ದದ 108ನೇ ಒಂದು ಭಾಗ. 24 ಮಿ.ಮೀ.ನಲ್ಲಿ ಸೆನ್ಸರ್ ಮೇಲೆ 0.22 ಮಿ.ಮೀ.ನ ಚುಕ್ಕೆ, 250 ಮಿ.ಮೀ.ನಲ್ಲಿ 2.3 ಮಿ.ಮೀ., ಎಪಿಎಸ್-ಸಿ ಚಿತ್ರದ ಎತ್ತರದ ಏಳನೇ ಒಂದು ಭಾಗ. ಕಾರವಾರದ ಟ್ಯಾಗೋರ್ ತೀರದಿಂದ ನಡುಗಡ್ಡೆಗಳ ಹಿಂದೆ ಇಳಿಯುವ ಸೂರ್ಯನಿಗೆ, ಘಟ್ಟದ ಪದರಪದರ ನೀಲಿಗೆ ಸಾಧಾರಣ 55–250 ಲೆನ್ಸೇ ಸರಿ. ಉಂಚಳ್ಳಿ, ಮಾಗೋಡಿನಂಥ ಜಲಪಾತಗಳನ್ನು ನೋಡುವುದು ದೂರದ ವೀಕ್ಷಣಾ ಸ್ಥಳದಿಂದ. ಅಲ್ಲಿ ಅತಿ ಅಗಲ ಲೆನ್ಸ್ ಹಾಕಿದರೆ ಧಾರೆ ನೂಲಾಗುತ್ತದೆ, 35ರಿಂದ 85 ಮಿ.ಮೀ. ನಡುವೆ ಹುಡುಕಿ.

ಅತಿ ಅಗಲ ನಿಜವಾಗಿ ಬೇಕಾಗುವುದು ಯಾಣದಲ್ಲಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಹಿಂದೆ ಸರಿಯಲು ಜಾಗವಿಲ್ಲ. ಎಪಿಎಸ್-ಸಿಯಲ್ಲಿ 10–12 ಮಿ.ಮೀ. ಬೇಕು. ಕ್ಯಾಮೆರಾ ಮೇಲಕ್ಕೆ ಓರೆಮಾಡಿದಷ್ಟೂ ಶಿಲೆ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ, ಆದ್ದರಿಂದ ಉದ್ದುದ್ದ ಹಿಡಿದು ಆದಷ್ಟು ಮಟ್ಟವಾಗಿಡಿ. 10 ಮಿ.ಮೀ. ಎಫ್/8ರಲ್ಲಿ 65 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ 33 ಸೆಂ.ಮೀ.ನಿಂದ ಅನಂತದವರೆಗೆ ಸ್ಪಷ್ಟ. ಎಫ್/16 ದಾಟಿ ಮುಚ್ಚಬೇಡಿ, ಸಣ್ಣ ರಂಧ್ರದಲ್ಲಿ ಬೆಳಕು ಹರಡುವ ವಿವರ್ತನೆಯಿಂದ ಇಡೀ ಚಿತ್ರ ಮೆದುವಾಗುತ್ತದೆ.

ಸಹಸ್ರಲಿಂಗದ ಒದ್ದೆ ಬಂಡೆಗೆ, ಸಾತೊಡ್ಡಿಯ ನೀರಿಗೆ ಪೋಲರೈಸರ್ ಹಾಕಿ, ಹೊಳಪು ಕಳೆದು ಹಸಿರು ತೆರೆದುಕೊಳ್ಳುತ್ತದೆ. ಅದೇ ಫಿಲ್ಟರ್ ಅಗಲ ಲೆನ್ಸಿನಲ್ಲಿ ನೀಲಿ ಆಕಾಶದ ಒಂದು ತುಂಡನ್ನು ಮಾತ್ರ ಕಪ್ಪಾಗಿಸುತ್ತದೆ, ಅಲ್ಲಿ ತೆಗೆದಿಡಿ. ಸಂಜೆ ಅಲೆಗಳನ್ನು ಮಂಜಾಗಿಸಲು ಆರು ಸ್ಟಾಪಿನ ಎನ್‌ಡಿ (ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್) ಸಾಕು: 1/15 ಸೆಕೆಂಡು ನಾಲ್ಕು ಸೆಕೆಂಡಾಗುತ್ತದೆ.

ಜಾಗ, ಉಪ್ಪು, ಇಬ್ಬನಿ

ಬೇಸಿಗೆಯಲ್ಲಿ ನೀವು ನೋಡುವುದು ದಕ್ಷಿಣಕ್ಕೆ, ಅಂದರೆ ತೀರದುದ್ದಕ್ಕೆ. ಹಾಗಾಗಿ ಹತ್ತಿರದ ಊರು ನಿಮ್ಮ ಉತ್ತರಕ್ಕಿರುವ ಜಾಗ ಆರಿಸಿ. ಟ್ಯಾಗೋರ್ ತೀರದ ದಕ್ಷಿಣಕ್ಕೆ ಬೈತಖೋಲದ ಬಂದರಿನ ದೀಪಗಳಿವೆ, ಎಂಥ ಲೆನ್ಸಿದ್ದರೂ ಅಲ್ಲಿ ಆಕಾಶಗಂಗೆ ಸಿಗದು. ಅರಗಾದ ನೌಕಾನೆಲೆಯ ಸುತ್ತ ಕ್ಯಾಮೆರಾ ತೆಗೆಯಲೇಬೇಡಿ. ಶಿರಸಿ, ಯಲ್ಲಾಪುರದ ಕಾಡಿನಲ್ಲಿ ರಾತ್ರಿ ಇರಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಈ ತೀರಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಬಿಳಿ ಟಾರ್ಚ್ ಅವುಗಳ ದಾರಿ ತಪ್ಪಿಸುತ್ತದೆ. ಮಂದ ಕೆಂಪು ದೀಪ ಇಟ್ಟುಕೊಳ್ಳಿ, ಆಮೆ ಕಂಡರೆ ಅದನ್ನೂ ಆರಿಸಿ ದೂರ ನಿಲ್ಲಿ.

ಕರಾವಳಿಯಲ್ಲಿ ಅರ್ಧ ಗಂಟೆಯಲ್ಲೇ ಮುಂಗಾಜಿನ ಮೇಲೆ ಇಬ್ಬನಿ ಕೂರಬಹುದು. ಚಿತ್ರಗಳು ಒಂದೊಂದಾಗಿ ಮಸುಕಾಗುತ್ತ ಹೋದರೆ ಕಾರಣ ಫೋಕಸ್ ಅಲ್ಲ, ಇದು. ಒರೆಸಿದರೆ ಮತ್ತೆ ಬರುತ್ತದೆ. ಯುಎಸ್‌ಬಿಯಿಂದ ಓಡುವ ಬಿಸಿಪಟ್ಟಿಯನ್ನು ಲೆನ್ಸಿನ ತುದಿಗೆ ಶುರುವಿನಲ್ಲೇ ಕಟ್ಟಿ. 7 ವ್ಯಾಟಿನ ಪಟ್ಟಿ 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ನಾಲ್ಕು ಗಂಟೆ ಓಡುತ್ತದೆ.

ಉಪ್ಪಿನ ಹನಿಯನ್ನು ಒಣಬಟ್ಟೆಯಿಂದ ಒರೆಸಬಾರದು, ಹರಳು ಗೀರುತ್ತದೆ. ಹಗಲಿನಲ್ಲಿ ಮುಂದೆ ಕ್ಲಿಯರ್ ಫಿಲ್ಟರ್ ಹಾಕಿ, ಮನೆಗೆ ಬಂದು ಅದನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ. ರಾತ್ರಿ ತೆಗೆದುಬಿಡಿ, ದೀಪಗಳ ಪ್ರತಿಬಿಂಬ ಬೀಳುತ್ತದೆ.

ಲೆನ್ಸಿಗೆ ಇಲ್ಲಿ ದೊಡ್ಡ ಶತ್ರು ಬೂಷ್ಟು. ಗಾಳಿಯ ತೇವ ಶೇ. 65 ದಾಟಿ ಹಾಗೇ ಉಳಿದರೆ ಅದು ಗಾಜಿನ ಲೇಪ ತಿನ್ನಲು ಶುರುಮಾಡುತ್ತದೆ. ನಮ್ಮ ಮಳೆಗಾಲದಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡಬೇಡಿ, ಹೊಗೆಯ ಜಿಡ್ಡು ಹಿಡಿಯುತ್ತದೆ. ವಿದ್ಯುತ್ ಡ್ರೈ ಕ್ಯಾಬಿನೆಟ್‌ಗೆ ಹಣವಿಲ್ಲದಿದ್ದರೆ ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ, ಅದರೊಳಗೆ 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಮಾಪಕ. ಮಾಪಕ 40ರಿಂದ 50ರ ನಡುವೆ ನಿಲ್ಲಬೇಕು. 30ಕ್ಕಿಂತ ಕೆಳಗೆ ಹೋದರೆ ಜೆಲ್ ಕಡಿಮೆ ಮಾಡಿ. 55 ದಾಟಿದ ದಿನ ಜೆಲ್ ಹೊರತೆಗೆದು 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ.

ಹಳೆಯ ಲೆನ್ಸ್ ಕೊಳ್ಳುವವರು ಇದೇ ಕಾರಣಕ್ಕೆ ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಬಿಟ್ಟು ಒಳಗೆ ನೋಡಲಿ. ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಎಳೆಯಂಥ ಕವಲುಗಳು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಅದನ್ನು ತಂದು ಇಟ್ಟ ಡಬ್ಬಿಯಲ್ಲಿ ನಿಮ್ಮ ಬೇರೆ ಲೆನ್ಸುಗಳೂ ಇರುತ್ತವೆ.