ದಾಡಿ ಬ್ರಶ್ ಕೈಯಿಂದ ಮಾಡಿದ್ದಾ, ಮಿಷನ್ನಿಂದಾ ಅಂತ ಕೇಳೂಕಿಂತ ಮೊದ್ಲು ಗಂಟು ನೋಡ್ರಿ

ಹೋದ ದೀಪಾವಳಿಗೆ ಸಣ್ಣ ಮಗ ಬೆಂಗಳೂರಿಂದ ಬರುವಾಗ ನನಗಂತ ಒಂದು ದಾಡಿ ಬ್ರಶ್ ತಂದಿದ್ದ, ಡಬ್ಬಿ ಅಂದ್ರ ಬಂಗಾರದ ಅಂಗಡಿ ಡಬ್ಬಿ ಇದ್ದಂಗ ಇತ್ತು, ಒಳಗ ಹತ್ತಿ, ಮ್ಯಾಲೊಂದು ಕಾರ್ಡು, ಅದರಾಗ ಇದು ಪೂರ್ತಿ ಕೈಯಿಂದ ಮಾಡಿದ್ದು ಅಂತ ಇಂಗ್ಲಿಷಿನಾಗ ಬರದಿತ್ತು. ರೇಟು ಅವ ಹೇಳಲಿಲ್ಲ, ಸೊಸಿ ಬಾಯಿ ತಪ್ಪಿ 3,800 ಅಂದ್ಲು. ನಾ ಗಂಗಾವತಿಯೊಳಗ ರೈಸ್ ಮಿಲ್ಲಿನಾಗ 31 ವರ್ಷ ಫಿಟ್ಟರ್ ಇದ್ದವ, ಸೇರಿದ ಹೊಸದ್ರಾಗ ಮೂರು ತಿಂಗಳ ಪಗಾರ ಕೂಡಿಸಿದ್ರೂ ಅಷ್ಟಾಗ್ತಿದ್ದಿಲ್ಲ. ಮಗಗ ಏನೂ ಅನ್ನಲಿಲ್ಲ, ತಗೊಂಡು ಇಟ್ಕೊಂಡೆ. ದಿನಾ ಬಳಸ್ತಿದ್ದದ್ದು ಬಜಾರದಾಗಿನ ಕಿರಾಣಿ ಅಂಗಡ್ಯಾಗ ತಂದ 70 ರೂಪಾಯಿದು. ಅವತ್ತಿಂದ ಎರಡನ್ನೂ ಪಾಳಿ ಹಚ್ಚಿ ಬಳಸೀನಿ, ಒಂದಿನ ಅದು ಒಂದಿನ ಇದು, ಈಗ ಓಣ್ಯಾಗಿನ ಹುಡುಗರು ಕಾಕಾ ಯಾವ್ದು ತಗೋಬೇಕು ಅಂತ ಕೇಳಾಕತ್ತಾರ ಅಂತ ಬರಿಯಾಕ ಕುಂತೀನಿ.

ಮೊದ್ಲು ಒಂದು ಮಾತು. ಕೈಯಿಂದ ಮಾಡಿದ್ದು ಅನ್ನೋದು ಅರ್ಧ ಖರೆ ಅರ್ಧ ಡಬ್ಬಿ ಮ್ಯಾಲಿನ ಮಾತು. ಬ್ರಶ್ಶಿನಾಗ ಇರೋದು ಎರಡ ಸಾಮಾನು, ಒಂದು ಹಿಡಿಕಿ ಇನ್ನೊಂದು ಕೂದ್ಲಿನ ಗಂಟು, ನಾಟ್ ಅಂತಾರ ಅದಕ್ಕ. ಎಷ್ಟೋ ಮಂದಿ ಹಿಡಿಕಿಯನ್ನ ಲೇತಿನಾಗ ಕೈಯಿಂದ ಕಡದು ಚಂದ ಪಾಲಿಶ್ ಹೊಡಿತಾರ, ಆದ್ರ ಗಂಟು ಮಾತ್ರ ಚೀನಾದ ಕಾರ್ಖಾನ್ಯಾಗಿಂದ ತಯಾರಾಗಿ ಬಂದದ್ದನ್ನ ಒಳಗ ಕುಂದ್ರಿಸಿರ್ತಾರ. ಆ ಕಡೆ ಕಾರ್ಖಾನಿದು ಅಂತ ನಾವು ಹಗೂರಾಗಿ ಮಾತಾಡ್ತೀವಲ್ಲ, ಪ್ರಾಣಿ ಕೂದ್ಲಿನ ಚಲೋ ಗಂಟಾದ್ರ ಅಲ್ಲಿನೂ ಯಾರೋ ಒಬ್ಬ ಹೆಣ್ಮಗಳು ಕುಂತು ಕೈಯಿಂದ ತುಂಬಿರ್ತಾಳ. ಹೆಂಗಂದ್ರ ಕೂದ್ಲು ತೂಕ ಮಾಡಿ, ತುದಿ ಕೆಳಗ ಮಾಡಿ ಒಂದು ಸಣ್ಣ ಬಟ್ಟಲದಾಗ ಇಳಿಸಿ ತಟ್ಟತಾರ, ಬಟ್ಟಲದ ತಳ ಹೆಂಗ ಗುಂಡಗ ಇರತೈತೋ ಹಂಗ ತುದಿ ಗುಂಡಗ ಕುಂದ್ರತೈತಿ, ಆಮ್ಯಾಲೆ ಬುಡದಾಗ ದಾರ ಬಿಗದು, ಬುಡಾನ ಕತ್ತರಿಸಿ ಅಂಟು ಹಾಕ್ತಾರ. ಕತ್ತರಿ ಆಡೋದು ಬುಡದಾಗ, ತುದಿಗೆ ಮುಟ್ಟಂಗಿಲ್ಲ. ಅಗ್ಗದ್ದಾದ್ರ ಗಂಟು ಕಟ್ಟಿದ ಮ್ಯಾಲೆ ತಲಿ ಕಟಿಂಗ್ ಮಾಡಿದಂಗ ತುದಿ ಕತ್ತರಿಸಿ ಗುಂಡಗ ಮಾಡಿರ್ತಾರ. ಹುಟ್ಟು ತುದಿ ಸೂಜಿಯಂಗ ಸಣ್ಣಾಗತಾ ಹೋಗಿರತೈತಿ, ಅದಕ್ಕ ಮೆತ್ತಗ ಹತ್ತತೈತಿ, ಕತ್ತರಿಸಿದ ತುದಿ ಜ್ವಾಳದ ಕೂಳಿ ಇದ್ದಂಗ, ಕೆನ್ನಿಗೆ ಚುಚ್ಚತೈತಿ. ಬರೇ ಹಿಡಿಕಿ ನೋಡಿ ಬ್ರಶ್ ತಗೊಳ್ಳೋದು ಅಂದ್ರ ಬೇರಿಂಗ್ ನೋಡದ ಬರೇ ಬಾಡಿ ಪೇಂಟ್ ನೋಡಿ ಮಿಷನ್ ತಂದಂಗ.

ಇನ್ನ ಕೂದ್ಲು ಯಾವ್ದರದು ಅನ್ನೋದು. ಡಬ್ಬಿ ಮ್ಯಾಲೆ ಪ್ಯೂರ್ ಬ್ರಿಸಲ್ ಅಂತ ಬರದಿದ್ರ ಅದು ಹಂದಿ ಕೂದ್ಲು, ಇದು ಭಾಳ ಮಂದಿಗೆ ಗೊತ್ತಿಲ್ಲ. ನಾನೂ ಒಂದು ತಂದು ನಾಕು ವರ್ಷ ಬಳಸಿದ್ದೆ, ಪಡಸಾಲ್ಯಾಗ ಜಗಲಿ ಬಾಜೂಕಿನ ಗೂಡಿನಾಗ ಇಡ್ತಿದ್ದೆ. ಒಂದಿನ ಕಟಿಂಗ್ ಶಾಪಿನ ಕಾಕಾ ಮನಿಗೆ ಚಾ ಕುಡಿಯಾಕ ಬಂದವ ನಮ್ಮವ್ವನ ಮುಂದ ಅದು ಹಂದಿದು ಅಂತ ಹೇಳಿಬಿಟ್ಟ, ನಮ್ಮವ್ವ ಬ್ರಶ್ ತಗೊಂಡು ಅಂಗಳಕ್ಕ ಒಗದು, ಗೂಡು ತೊಳದು, ನನಗ ಎರಡು ದಿನ ಮಾತು ಬಿಟ್ಟಿದ್ಲು. ನಿಮ್ಮ ಮನ್ಯಾಗ ಅದು ನಡೆಯಂಗಿಲ್ಲಂದ್ರ ತಗೊಳ್ಳೂಮುಂದ ಬಾಯಿಬಿಟ್ಟು ಕೇಳ್ರಿ, ನಾಚಿಕಿ ಮಾಡ್ಕೋಬ್ಯಾಡ್ರಿ. ನಡೀತೈತಿ ಅನ್ನೋರಿಗೆ ಅದು ಕೆಟ್ಟದ್ದೇನಲ್ಲ, ಮೊದಲ ಎರಡು ಮೂರು ವಾರ ಒರಟು ಇರತೈತಿ, ತುದಿ ಸೀಳಿದಂಗ ಸೀಳಿದಂಗ ಮೆತ್ತಗಾಗತೈತಿ, ನೀರು ಕುಡಿತೈತಿ, ಅದಕ್ಕ ಬಳಸೂಕಿಂತ ಮೊದ್ಲು ನಾಕೈದು ನಿಮಿಷ ನೆನಿಯಾಕ ಇಡಬೇಕು.

ಮಗ ತಂದದ್ದು ಬ್ಯಾಡ್ಜರ್ ಅನ್ನೋ ಪ್ರಾಣಿ ಕೂದ್ಲಿಂದು, ಹೆಚ್ಚಾಗಿ ಚೀನಾದಿಂದ ಬರೋ ಮಾಲು. ನಮ್ಮ ಕಡೆ ತರಕರಡಿ ಅಂತೀವಲ್ಲ ಅದಕ್ಕೂ ಇಂಗ್ಲಿಷಿನಾಗ ಬ್ಯಾಡ್ಜರ್ ಅಂತಾರ, ಆದ್ರ ಅದು ಬ್ಯಾರೆ ಪ್ರಾಣಿ, ಹೆಸರು ಕೇಳಿ ಗಾಬರಿ ಆಗಬ್ಯಾಡ್ರಿ. ಮುಖಕ್ಕ ಹಚ್ಚಿದ್ರ ಏನು ಮೆತ್ತಗ ಅಂತೀರಿ, ಸುಳ್ಳು ಹೇಳಬಾರದು, ಬೆಚ್ಚಗಿನ ನೀರು ಕೂದ್ಲ ಸಂದ್ಯಾಗ ಹಿಡಕೊಂಡು ನೊರಿ ಜೋಡಿ ನಿಧಾನಕ ಬಿಡತೈತಿ. ಮೊದಲ ವಾರ ತೊಯ್ದಾಗ ಕುರಿ ಹಟ್ಟಿ ವಾಸನಿ ಬರತಿತ್ತು, ಸಾಬೂನ ಹಚ್ಚಿ ಹಚ್ಚಿ ಹೋತು. ಯಾರಾದ್ರೂ ಮುಂಗಸಿ ಕೂದ್ಲಿಂದು ಅಂತ ಕೊಡಾಕ ಬಂದ್ರ ಮಾತ್ರ ಮುಟ್ಟಬ್ಯಾಡ್ರಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅದು, 2019ರಾಗ ಪೇಂಟಿಂಗ್ ಬ್ರಶ್ಶಿಗೆ ಮುಂಗಸಿ ಕೂದ್ಲು ಹಾಕೋರ ಮ್ಯಾಲೆ ದೇಶದ ತುಂಬ ರೇಡ್ ಆಗಿದ್ವು.

ಮೂರನೇದು ಸಿಂಥೆಟಿಕ್, ಅಂದ್ರ ಕಾರ್ಖಾನ್ಯಾಗ ಮಾಡಿದ ನಾರು. ಹಳೇ ನೈಲಾನ್ ಬ್ರಶ್ ಬಳಸಿದವರು ಇದರ ಹೆಸರೆತ್ತಿದ್ರ ಮೂಗು ಮುರಿತಾರ, ನಾನೂ ಮುರಿತಿದ್ದೆ, ಅದು ಪೊರಕಿ ಇದ್ದಂಗನ ಇತ್ತು. ಈಗ ಬರೋ ಹೊಸ ನಾರು ಬ್ಯಾರೆ, ತುದಿ ಸಣ್ಣಾಗಿರತೈತಿ, ಬ್ಯಾಡ್ಜರಿಗೂ ಇದಕ್ಕೂ ಕಣ್ಣು ಮುಚ್ಚಿ ಹಚ್ಚಿದ್ರ ಹೊಸಬರಿಗೆ ಫರಕು ತಿಳಿಯಂಗಿಲ್ಲ. ನೆನಿ ಹಾಕೋದು ಬೇಕಾಗಿಲ್ಲ, ಝಾಡಿಸಿ ಇಟ್ರ ನಾಕೈದು ತಾಸಿನಾಗ ಒಣಗತೈತಿ.

ಪ್ರಾಣಿ ಕೂದ್ಲು ಅಂತ ಹೇಳಿ ನೈಲಾನ್ ಕೊಟ್ಟಾರೇನು ಅಂತ ಅನುಮಾನ ಇದ್ರ ಉದುರಿದ್ದ ಒಂದ ಎಳಿ ಇಕ್ಕಳದಾಗ ಹಿಡದು ಬೆಂಕಿಗೆ ತೋರಸ್ರಿ. ಖರೇ ಕೂದ್ಲು ಸುರ್ ಅಂತ ಸುಟ್ಟು, ತಲಿಕೂದ್ಲು ಸುಟ್ಟ ವಾಸನಿ ಬಂದು, ಬೂದಿ ಬೆರಳಾಗ ಪುಡಿ ಆಗತೈತಿ. ನೈಲಾನ್ ಕರಗಿ ಸಾಸಿವಿಕಾಳಿನಂಗ ಗಟ್ಟಿ ಗುಳ್ಳಿ ಆಗತೈತಿ. ನಾ ಇದನ್ನ ಗ್ಯಾಸ್ ಒಲಿ ಮ್ಯಾಲೆ ಮಾಡಾಕ ಹೋಗಿ, ಆ ಕಡೆ ಒಲಿ ಮ್ಯಾಲೆ ರೊಟ್ಟಿ ಬೇಯಾಕತ್ತಿದ್ವು, ನಮ್ಮನ್ಯಾಕಿ ಕೈಯಾಗ ಬೈಸ್ಕೊಂಡೀನಿ, ನೀವು ಅಂಗಳದಾಗ ಕಡ್ಡಿಪೆಟ್ಟಿಗಿ ಹಿಡಕೊಂಡು ಮಾಡ್ರಿ.

ಈಗ ನಮ್ಮೂರಿನ ವಿಚಾರಕ್ಕ ಬರ್ತೀನಿ, ಬೆಂಗಳೂರು ಮಂದಿ ಹೇಳೋದು ನಮಗ ಪೂರ್ತಿ ಹೊಂದಂಗಿಲ್ಲ ಯಾಕಂದ್ರ ನಮ್ಮ ಬೋರಿನ ನೀರು ಸವಳು. ಕೊಪ್ಪಳ ರಾಯಚೂರು ಕಡೆ ಇರೋರಿಗೆ ಹೇಳೋದು ಬ್ಯಾಡ, ಬಕೀಟಿನ ಅಂಚಿಗೆ ಬಿಳೇ ಪೊರಿ ಕಟ್ಟತೈತಲ್ಲ, ಅದ ಪೊರಿ ಸಾಬೂನ ಜೋಡಿ ಕೂಡಿ ಬ್ರಶ್ಶಿನ ಬುಡದಾಗ ಗಟ್ಟಿ ಆಗಿ ಕುಂದ್ರತೈತಿ. ಎರಡು ತಿಂಗಳಿಗೆ 3,800ರ ಬ್ರಶ್ಶಿನ ಬುಡ ಬಿಡಿಸಿ ನೋಡಿದ್ರ ಹಿಟ್ಟು ಮೆತ್ತಿದಂಗ ಆಗಿತ್ತು, ಕೂದ್ಲು ಪೆಡಸು. ಒಂದು ಗ್ಲಾಸ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ವಿನೆಗರ್, ಇಲ್ಲಂದ್ರ ಅರ್ಧ ಲಿಂಬಿಹಣ್ಣು ಹಿಂಡಿ, ಐದು ನಿಮಿಷ ಅದ್ದಿ ತೊಳದ ಮ್ಯಾಲೆ ಮೊದಲಿನಂಗ ಆತು. ತಿಂಗಳಿಗೊಮ್ಮೆ ಸಾಕು ಇದು. ಕುಡಿಯೋ ನೀರಿನ ಘಟಕದಾಗ 5 ರೂಪಾಯಿ ಕಾಯಿನ್ ಹಾಕಿ ತಂದ ಕ್ಯಾನಿನ ನೀರು ಒಂದು ಲೋಟ ದಾಡಿಗೆ ಬಳಸಿದ್ರ ಇನ್ನೂ ಚಲೋ, ನೊರಿನೂ ಅರ್ಧ ಸಾಬೂನಿನಾಗ ಬರತೈತಿ, ಆದ್ರ ಮನ್ಯಾಗ ಯಾರೂ ನೋಡದಂಗ ತಗೋರಿ.

ಅಂಗಡ್ಯಾಗ ನಿಂತಾಗ ನಾ ಹಿಂಗ ನೋಡ್ತೀನಿ. ಮೊದ್ಲು ಅಂಗೈಗೆ ಒತ್ತಿ ತಿರುವ್ತೀನಿ, ಅಂಗೈಗೇ ಚುಚ್ಚಿದ್ರ ಕೆನ್ನಿಗೆ ಬಿಡತೈತೇನು. ಆಮ್ಯಾಲೆ ನಡುವಿನ ಕೂದ್ಲು ಎರಡು ಹೆಬ್ಬಟ್ಟಿಲೆ ಅಗಲಿಸಿ ಬುಡ ನೋಡ್ತೀನಿ, ತುಂಬ ಕೂದ್ಲಿರಬೇಕು, ನಡುವ ಪೊಳ್ಳು ಇರಬಾರದು, ಅಂಟು ಮ್ಯಾಲ ಹತ್ತಿ ಬಂದಿರಬಾರದು. ಗಂಟು ಹಿಡದು ಹಗೂರ ತಿರುವಿದ್ರ ಹಿಡಿಕ್ಯಾಗ ಅಲ್ಲಾಡಬಾರದು. ಗಂಟಿನ ದಪ್ಪ 22ರಿಂದ 24 ಮಿಲಿಮೀಟರ್ ಇದ್ರ ಸಾಕು, 26, 28ರ ದೊಡ್ಡವು ನೋಡಾಕ ಚಂದ, ಸಾಬೂನ ತಿಂತಾವ, ಮೂಗಿನ ಕೆಳಗ ಹಚ್ಚಾಕ ಹೋದ್ರ ಮೂಗಿನಾಗ ಹೋಗತೈತಿ. ಮೊದಲ ವಾರ ನಾಕು ಎಳಿ ಉದುರಿದ್ರ ಚಿಂತಿ ಇಲ್ಲ, ತಿಂಗಳಾದ್ರೂ ದಿನಾ ಉದುರಿದ್ರ ಅಂಟು ಸರಿ ಇಲ್ಲ ಅಂತ ತಿಳಕೋರಿ.

ನನ್ನ 70 ರೂಪಾಯಿದು ಉದುರಲಿಲ್ಲ, ಅದು ಪೂರಾನ ಕಿತ್ತು ಬಂತು. ತಂಗಿ ಮಗಳ ಮದಿವಿ ದಿನ ಮುಂಜಾನಿ ಐದೂವರಿಗೆ, ಅರ್ಧ ಮುಖಕ್ಕ ನೊರಿ, ಹಿಡಿಕಿ ಕೈಯಾಗ, ಗಂಟು ಬಚ್ಚಲದಾಗ. ಹೊರಗ ಟೆಂಪೋದವ ಹಾರ್ನ್ ಹೊಡಿಯಾಕತ್ತಿದ್ದ. ಉಳಿದದ್ದು ಬೆರಳಲೆ ಹಚ್ಚಿ ಮುಗಿಸಿದೆ. ಊರಿಂದ ಬಂದ ಮ್ಯಾಲೆ ಹಿಡಿಕಿ ಒಳಗ ನೋಡಿದ್ರ ಅಂಟು ಅನ್ನೋದು ನಾಕು ಹನಿ, ಅದೂ ಒಂದ ಬದಿಗೆ. ಇಂಥಾದ್ದಕ್ಕ ಬ್ರಶ್ ಒಗಿಯಬ್ಯಾಡ್ರಿ. ತೂತಿನಾಗ ಹಳೇ ಅಂಟು 80 ನಂಬರ್ ಪಾಲಿಶ್ ಪೇಪರ್ ಹಚ್ಚಿ ತಿಕ್ಕಿ ತಗದು, ಗಂಟು ಎರಡು ದಿನ ಒಣಗಿಸಿ, ಎರಡು ಟ್ಯೂಬಿನ ಎಪಾಕ್ಸಿ ಅಂಟು ಸಮ ಸಮ ಕಲಿಸಿ ಬುಡಕ್ಕೂ ತೂತಿಗೂ ಹಚ್ಚಿ ಕುಂದ್ರಿಸಿ 24 ತಾಸು ಮುಟ್ಟದಂಗ ಇಡ್ರಿ. ಬೇಗ ಹಿಡಿಯೋ ಅಂಟು ಬ್ಯಾಡ, ಬಿಸಿನೀರಿಗೆ ತಡಿಯಂಗಿಲ್ಲ.

ಹಿಡಿಕಿ ವಿಷಯದಾಗ ಮಾತ್ರ ನಾ ಕೈಕೆಲಸದ ಕಡೆ. ಪ್ಲಾಸ್ಟಿಕ್ಕಿಂದು ಒಳಗ ಪೊಳ್ಳು ಇರತೈತಿ, ಹಗೂರ, ಸಾಬೂನ ಕೈಯಾಗ ಜಾರತೈತಿ, ಅಚ್ಚಿನ ಗೆರಿ ಬೆರಳಿಗೆ ಹತ್ತತೈತಿ. ಹೋದ ಚೈತ್ರದಾಗ ನಮ್ಮ ಪರಿಚಯದ ಬಡಿಗ್ಯಾರ ಕಡೆ ಹಳೇ ಸಾಗವಾನಿ ಬಾಗಿಲ ಚೌಕಟ್ಟಿನ ತುಂಡು ಒಯ್ದು ಕೊಟ್ಟೆ, ಅವ ಲೇತಿನಾಗ ಕಡದು ನನ್ನ ಕೈಗೆ ಹೊಂದೋ ಹಂಗ ನಡುವ ಸಣ್ಣ ಮಾಡಿ ಕೊಟ್ಟ. ಸಿಂಥೆಟಿಕ್ ಗಂಟು ಬಿಡಿಯಾಗೂ ಸಿಗತಾವ ಆನ್‌ಲೈನ್‌ನಾಗ, 24 ಮಿಲಿಮೀಟರಿಂದು 450 ರೂಪಾಯಿಗೆ ತರಿಸಿದ್ದೆ, ವರ್ನಿಯರ್ ಅಂತ ಸೂಕ್ಷ್ಮ ಅಳತಿ ಸಾಮಾನು ಹಿಡದು ಅಳದು 25ರ ತೂತು, ಅರ್ಧ ಇಂಚು ಆಳ ಕೊರಸಿ ನಾನ ಕುಂದ್ರಿಸಿದೆ. ಕಟಗಿ ತಗೊಳ್ಳೋರು ಒಂದು ನೆನಪಿಡ್ರಿ, ನಮ್ಮ ಕಿನ್ನಾಳ ಗೊಂಬಿಗೆ ಬಳಸೋ ಹಗೂರ ಕಟಗಿ ಬಣ್ಣಕ್ಕ ಚಲೋ, ನೀರಿಗೆ ಅಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ್ದೂ ಚಂದ ಕಾಣ್ತಾವ, ಅರಗು ಸುಡು ನೀರಿಗೆ ಮೆತ್ತಗಾಗತೈತಿ. ಗಟ್ಟಿ ಕಟಗಿ ಇರಬೇಕು, ತೂತಿನ ಒಳಗೂ ಸೇರಿಸಿ ನೀರು ಇಳಿಯದಂಗ ತಡಿಯೋ ಪಿಯು (ಪಾಲಿಯುರೆಥೇನ್) ಪಾಲಿಶ್ ಮೂರು ಕೋಟ್ ಹೊಡದಿರಬೇಕು, ಇಲ್ಲಂದ್ರ ಮುಂಜಾನಿ ತೊಯ್ಯೋದು, ಮಧ್ಯಾಹ್ನ ನಮ್ಮ 42 ಡಿಗ್ರಿ ಬಿಸಿಲಿಗೆ ಕಾಯೋದು, ಒಂದ ಬ್ಯಾಸಿಗ್ಯಾಗ ಕುತ್ತಿಗಿ ಹತ್ರ ಸೀಳತೈತಿ. ಒಟ್ಟು 450, ಬಡಿಗ್ಯಾರಿಗೆ 200, ಅಂಟಿಗೆ ಸ್ವಲ್ಪ. ಈಗ ಹೆಚ್ಚಾಗಿ ಕೈಗೆ ಬರೋದು ಅದ, ಮಗನದು ಹಬ್ಬ ಹುಣ್ಣಿವಿಗೆ.

ಬಳಸೋದು ಸುಲಭ ಐತಿ, ಆದ್ರ ಭಾಳ ಮಂದಿ ಗ್ವಾಡಿಗೆ ಸುಣ್ಣ ಬಳಿದಂಗ ಒತ್ತಿ ತಿಕ್ಕತಾರ, ಹಂಗ ಮಾಡಿದ್ರ ನಡುವಿನ ಕೂದ್ಲು ಮುರದು ವಡಿ ತೂತಿನಂಗ ಆಗತೈತಿ. ತುದಿ ಅಷ್ಟ ಆಡಬೇಕು. ಕ್ರೀಮು ಶೇಂಗಾಕಾಳಿನಷ್ಟು ಸಾಕು. ನೀರು ಕೈ ತಡಿಯೋವಷ್ಟ ಬಿಸಿ ಇರಲಿ, ಹಂಡೇದಾಗಿನ ಕುದಿಯೋ ನೀರಿಗೆ ಅದ್ದಿದ್ರ ಅಂಟೂ ಸಡಿಲ ಆಗತೈತಿ, ಕೂದ್ಲೂ ಕೆಡತೈತಿ. ಮುಗಿದ ಮ್ಯಾಲೆ ನೊರಿ ಪೂರ್ತಿ ಹೋಗೋವರಿಗೂ ತೊಳದು, ಝಾಡಿಸಿ, ಗಾಳಿ ಆಡೋ ಕಡೆ ಇಡ್ರಿ, ನಿಲ್ಲಿಸಿ ಇಟ್ರೂ ನಡೀತೈತಿ ತಲಿಕೆಳಗ ತೂಗಹಾಕಿದ್ರೂ ನಡೀತೈತಿ. ಮುಚ್ಚಿದ ಡಬ್ಬ್ಯಾಗ ಹಸೀದು ಇಡಬ್ಯಾಡ್ರಿ. ಪ್ರಾಣಿ ಕೂದ್ಲು ಬುಡದ ತನಕ ಒಣಗಾಕ ಒಂದಿನ ಪೂರ್ತಿ ಬೇಕು, ನಾವು ಸೋಮವಾರ ದಾಡಿ ಮಾಡಂಗಿಲ್ಲ ನೋಡ್ರಿ, ಅದರ ಪುಣ್ಯೇನ ನಮಗ ಗೊತ್ತಿಲ್ಲ, ಬ್ರಶ್ಶಿಗಂತೂ ಒಂದು ರಜಾ ಸಿಗತೈತಿ.

ಅಜ್ಜನ ಕಾಲದ್ದು, ಹಳೇ ಸಾಮಾನಿನ ಅಂಗಡ್ಯಾಗ ಸಿಕ್ತು ಅಂತ ಹಳೇ ಕೂದ್ಲಿನ ಬ್ರಶ್ ಮುಖಕ್ಕ ಹಚ್ಚಬ್ಯಾಡ್ರಿ. ಮೊದಲನೇ ಮಹಾಯುದ್ಧದ ಟೈಮಿನಾಗ ಇಂಗ್ಲೆಂಡ್, ಅಮೆರಿಕದಾಗ ದುಬಾರಿ ಬ್ಯಾಡ್ಜರ್ ಬದ್ಲಿ ಅಗ್ಗದ ಕುದುರಿ ಕೂದ್ಲಿಗೆ ಬಣ್ಣ ಹಚ್ಚಿ ಮಾರಿದ್ರು, ಅದು ಸರಿ ಶುದ್ಧ ಆಗಿರಲಿಲ್ಲ, ದಾಡಿ ಮಾಡ್ಕೊಂಡವರಿಗೆ ಆಂಥ್ರಾಕ್ಸ್ ಬಂತು, ನಮ್ಮಲ್ಲಿ ದನಕ್ಕ ನೆರಡಿ ಅಂತೀವಲ್ಲ ಅದು, ಮಂದಿ ಸತ್ರು. ಹಿಡಿಕಿ ಚಂದ ಇದ್ರ ಅಷ್ಟ ಇಟ್ಕೊಂಡು ಹೊಸ ಗಂಟು ಹಾಕಿಸ್ರಿ.

ಇನ್ನೇನು ಶ್ರಾವಣ ಬಂತು, ತಿಂಗಳು ಪೂರ್ತಿ ದಾಡಿ ಇಲ್ಲ. ಹಿಂದ ಒಂದು ಶ್ರಾವಣದಾಗ ಹಂದಿ ಬ್ರಶ್ಶನ್ನ ಅರ್ಧ ಒಣಗಿದ್ದನ್ನ ಹಂಗ ಡಬ್ಬ್ಯಾಗ ಹಾಕಿ ಟ್ರೆಜರಿ ಕಪಾಟಿನೊಳಗ ಇಟ್ಟಿದ್ದೆ, ತಗದಾಗ ಒಂದು ಬದಿ ಬೂಸ್ಟು, ಇನ್ನೊಂದು ಬದಿ ಹುಳ ತಿಂದು ಬೋಳು. ಈ ಸಲ ಮಗಂದು ಬ್ರಶ್ ಲಿಂಬಿಹಣ್ಣಿನ ನೀರಾಗ ತೊಳದು, ಮೂರು ದಿನ ಮಾಳಿಗಿ ಮ್ಯಾಲೆ ನೆಳ್ಳಾಗ ಒಣಗಿಸಿ, ತೆಳು ಬಟ್ಟಿ ಚೀಲದಾಗ ಒಣಗಿದ ಬೇವಿನ ಎಲಿ ಜೋಡಿ ಹಾಕಿ ಕಿಟಕಿ ಮೊಳಿಗೆ ಕಟ್ಟೀನಿ. ಮೊಮ್ಮಗ ಅದು ಏನಜ್ಜಾ ಅಂತ ದಿನಾ ಕೇಳ್ತಾನ, ಬಿಚ್ಚಿ ತೋರಸಂಗಿಲ್ಲ, ಮೊನ್ನೆ ಸಾಗವಾನಿದು ತಗೊಂಡು ಹೋಗಿ ಅಂಗಳದಾಗ ಎಮ್ಮಿ ಮೈ ತಿಕ್ಕಾಕತ್ತಿದ್ದ.