ಆಟಿಕೆ ಕಡಿಮೆ ಮಾಡಿದೆ, ಆಟ ಜಾಸ್ತಿಯಾಯಿತು

ನಮ್ಮ ಡೇಕೇರ್‌ನಲ್ಲಿ ಮಕ್ಕಳು "ಆಂಟಿ, ಈಗ ಏನು ಮಾಡಲಿ?" ಎನ್ನುತ್ತಾ ನನ್ನ ಹಿಂದೆಯೇ ಸುತ್ತುತ್ತಿದ್ದರು. ಇನ್ನಷ್ಟು ಆಟಿಕೆ ತಂದೆ. ಗಲಾಟೆ ಹೆಚ್ಚಾಯಿತು, ಅಷ್ಟೇ. ಒಂದು ದಿನ ಸುಮ್ನೆ ಕೂತು ನೋಡಿದೆ. ಬುಟ್ಟಿ ಬೋರಲು ಹಾಕುತ್ತಾರೆ, ತುಳಿದುಕೊಂಡು ಹೋಗುತ್ತಾರೆ. ಅಷ್ಟು ರಾಶಿಯಲ್ಲಿ ಯಾವುದನ್ನು ಆರಿಸುವುದು, ಪಾಪ!

ಮುಕ್ಕಾಲು ಭಾಗ ಎತ್ತಿಟ್ಟೆ. ಉಳಿದವನ್ನು ಮಕ್ಕಳ ಕೈಗೆಟಕುವ ತೆರೆದ ಕಪಾಟಿನಲ್ಲಿ, ಒಂದೊಂದು ಟ್ರೇಯಲ್ಲಿ ಒಂದೊಂದು ಬಗೆಯಂತೆ ಜೋಡಿಸಿದೆ. ಟ್ರೇಗೆ ಚಿತ್ರ ಅಂಟಿಸಿದೆ. ಓದಲು ಬಾರದವರೂ ವಾಪಸ್ ಇಡುತ್ತಾರೆ. ಕಪಾಟು ಮಗುಚದಂತೆ ಗೋಡೆಗೆ ಸ್ಕ್ರೂ ಹಾಕಿಸಿದೆ. ಬ್ಯಾಟರಿ ಗೊಂಬೆಗಳಿಗಿಂತ ಮರದ ತುಂಡು, ಖಾಲಿ ಡಬ್ಬಗಳೇ ಹೆಚ್ಚು ಹೊತ್ತು ಹಿಡಿದಿಟ್ಟವು. 3 ವರ್ಷದೊಳಗಿನವರ ಕೈಗೆ ಮಾತ್ರ ಸಣ್ಣ ಚೂರು ಸಿಗಬಾರದು, ಗಂಟಲಲ್ಲಿ ಸಿಕ್ಕೀತು.

ಕಷ್ಟವಾದದ್ದು ನನ್ನನ್ನೇ ತಡೆಯುವುದು. ಗೋಪುರ ಬಿದ್ದರೆ ಕೈ ತಾನಾಗಿ ಮುಂದೆ ಹೋಗುತ್ತದೆ ಅಲ್ವಾ? ಈಗ ಹತ್ತು ಎಣಿಸುತ್ತೇನೆ. ಅಷ್ಟರಲ್ಲಿ ಅವರೇ ಮತ್ತೆ ಕಟ್ಟಲು ಶುರು ಮಾಡಿರುತ್ತಾರೆ.