ಬೋರಿಗೆ ಮಳೆ ನೀರು ಇಂಗಿಸಿದ ನನ್ನ ಅನುಭವ

ನಮ್ಮದು ಹೊಳಲ್ಕೆರೆ ಕಡೆಯ ಅಡಿಕೆ ತೋಟ. 600 ಅಡಿಯ ಬೋರು ಫೆಬ್ರವರಿ ಬಂತೆಂದರೆ ಅರ್ಧ ಗಂಟೆಗೇ ಗ್ಯಾಪ್ ಕೊಡುತ್ತಿತ್ತು, ಅಂದರೆ ನೀರು ನಿಂತು ನಿಂತು ಬರುತ್ತಿತ್ತು. ಹೊಸದು ಕೊರೆಸಿದರೆ ಕೇಸಿಂಗ್ (ಬೋರಿನ ಮೇಲ್ಭಾಗಕ್ಕೆ ಇಳಿಸುವ ಪೈಪು), ಮೋಟಾರ್, ಕೇಬಲ್ ಸೇರಿ ಆಗ ಎರಡೂವರೆ ಲಕ್ಷ. ನೀರು ಬಂದೇ ಬರುತ್ತೆ ಅಂತ ಬರೆದುಕೊಡುವವರು ಯಾರೂ ಇಲ್ಲ. ಇದ್ದ ಬೋರಿಗೇ ಮಳೆ ನೀರು ಇಂಗಿಸಲು ಹೊರಟೆ. "ಅದು ಪಕ್ಕದವನ ಬೋರಿಗೆ ಹೋಗುತ್ತೆ ಕಣೋ" ಅಂತ ಊರಲ್ಲಿ ನಕ್ಕರು. ಹೋದರೆ ಹೋಗಲಿ. ಬಂಡೆಯ ಸೀಳು ಸರ್ವೆ ಕಲ್ಲು ನೋಡಿಕೊಂಡು ಇರುತ್ತಾ?

ಮೊದಲು ಗುತ್ತಿಗೆಗೆ ಕೊಟ್ಟಿದ್ದೆ. ಬೋರಿನ ಸುತ್ತ 10 ಅಡಿ ಉದ್ದಗಲ, 10 ಅಡಿ ಆಳದ ಇಂಗು ಗುಂಡಿ, ಅದರೊಳಗೆ ನೀರು ಸೋಸಲು ದಪ್ಪ ಕಲ್ಲು, ಜಲ್ಲಿ, ಇದ್ದಿಲು, ಮರಳು ಎಲ್ಲ ಸರಿಯಾಗಿಯೇ ಇತ್ತು. ಆದರೆ ಹಳ್ಳದ ನೀರನ್ನು ನೇರ ಗುಂಡಿಗೆ ತಿರುಗಿಸಿ 40 ಸಾವಿರ ಎಣಿಸಿಕೊಂಡು ಹೋದರು. ನಾಲ್ಕು ಮಳೆಗೆ ಮರಳು ಸಿಮೆಂಟ್ ಹಾಕಿದಂತೆ ಗಟ್ಟಿಯಾಯಿತು. ಕೇಸಿಂಗಿಗೆ ಸುತ್ತಿದ ಮೆಶ್ (ಸಣ್ಣ ಕಣ್ಣಿನ ಬಲೆ) ಹರಿದು ರಾಡಿ ಬೋರಿನ ಕೆಳಗಿಳಿದು ಮೋಟಾರ್ ಜಾಮ್. ಎತ್ತಿಸಿ, ಫ್ಲಶ್ ಮಾಡಿಸಿ, ರಿವೈಂಡಿಂಗ್ ಅಂತ ಇನ್ನೊಂದು 25 ಸಾವಿರ.

ಎರಡನೇ ಸಲ ನಾನೇ ನಿಂತು ಮಾಡಿಸಿದೆ. ಗುಂಡಿಗೆ ಮುಂಚೆ ಒಂದರ ಕೆಳಗೊಂದು ಎರಡು ಹೂಳಿನ ತೊಟ್ಟಿ. ಮಣ್ಣು ಅಲ್ಲೇ ಕೂತು, ಮೇಲಿನ ತಿಳಿ ಮಾತ್ರ ಪೈಪಿನಲ್ಲಿ ಬರಬೇಕು. ಮುಂಗಾರಿನ ಮೊದಲ ಎರಡು ಮೂರು ಮಳೆಯ ನೀರು ಬೇಡವೇ ಬೇಡ, ಗೊಬ್ಬರ, ಔಷಧಿ ಎಲ್ಲ ತೊಳೆದುಕೊಂಡು ಬರುತ್ತೆ. ನೀರು ಸಾಲಲ್ಲ ಅನ್ನಬೇಡಿ. ಎಕರೆಗೆ ಒಂದು ಇಂಚು ಮಳೆ ಬಿದ್ದರೆ 1 ಲಕ್ಷ ಲೀಟರ್ ದಾಟುತ್ತೆ. ಹತ್ತರಲ್ಲಿ ಒಂದು ಪಾಲು ಹರಿದು ಬಂದರೂ ಎರಡು ಟ್ಯಾಂಕರ್! ಗುಂಡಿಯ ನೀರು ಬೋರಿಗೆ ಇಳಿಯಲು ಕೇಸಿಂಗಿಗೆ ತೂತು ಹೊಡೆದು ಮೆಶ್ ಸುತ್ತುವುದು ಎಲ್ಲರೂ ಮಾಡುವುದೇ. ಮೆಶ್ಶಿನ ಅಂಚು ಕಟ್ಟುವುದರಲ್ಲಿ ಮಾತ್ರ ನನ್ನದೊಂದು ಕೈಚಳಕ ಇದೆ. ಬರೆಯಲ್ಲ, ತೋಟಕ್ಕೆ ಬನ್ನಿ.

ನಡುವೆ ನುಗ್ಗೆ ಬೀಜದ ಪುಡಿ ಹಾಕಿ ರಾಡಿ ತಿಳಿಯಾಗಿಸಲು ನೋಡಿದೆ. ಡ್ರಮ್ಮಿನಲ್ಲಿ ಚೆನ್ನಾಗಿ ತಿಳಿಯಾಯಿತು. ತೊಟ್ಟಿಗೆ ಹಾಕಬೇಕೆಂದರೆ ಚೀಲಗಟ್ಟಲೆ ಬೀಜ ಬೇಕು, ಬಿಟ್ಟೆ. ಆದರೆ ಕಟ್ಟೆಗೆ ನೆಟ್ಟ ಲಾವಂಚದ ಹುಲ್ಲು ಹೂಳು ತಡೆಯಲು ಭೇಷ್.

2022ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ಮೇಲೆ ಮತ್ತೆ ಕೋಡಿ ಬಿತ್ತಲ್ಲ, ಅದರ ಮುಂದಿನ ಬೇಸಿಗೆ ಬೋರು ಮೂರು ಗಂಟೆ ಓಡಿತು. "ಈ ಸಲ ಎಲ್ಲರ ಬೋರೂ ಬಂದಿದೆ ಬಿಡು" ಅಂದರು. ಒಪ್ಪಿದೆ. 2023ರಲ್ಲಿ ಬರ. 2024ರ ಬೇಸಿಗೆಯಲ್ಲಿ ಸುತ್ತಲಿನ ತೋಟಗಳಿಗೆ ಟ್ಯಾಂಕರ್ ಓಡಾಡುವಾಗ ನನ್ನದು ಒಂದೂವರೆ ಗಂಟೆ ಎರಡು ಇಂಚು ನೀರು ಕೊಟ್ಟಿತು. ಪಕ್ಕದವನದ್ದೂ ಸ್ವಲ್ಪ ಜಾಸ್ತಿಯಾಯಿತಂತೆ. ಈಗ ಹೂಳು ಎತ್ತುವ ಕೂಲಿಯಲ್ಲಿ ಅರ್ಧ ಅವನೇ ಕೊಡುತ್ತಾನೆ.